ಯಾರು ಯಾರಿಂದ ಕಲಿತರು? ಬಲಗೈ ಹೇಳುವ ಸಾಕ್ಷಿ

ಪ್ರಶ್ನೆ: ನಮ್ಮದು ನಾಲ್ಕು ಜನ ಕಾಲೇಜು ಗೆಳೆಯರ ಬ್ಯಾಂಡ್. ಎಪ್ಪತ್ತರ ದಶಕದ ಪಂಕ್ ಎಂಬ ಒರಟು ರಾಕ್ ಹಾಡುಗಳನ್ನು ನುಡಿಸುತ್ತೇವೆ. 1976ರ ಜುಲೈ 4ರಂದು ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡ್ ಲಂಡನ್ನಿಗೆ ಬಂದು ನುಡಿಸಿದ ಮೇಲೆಯೇ ಅಲ್ಲಿಯ ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್ ಬ್ಯಾಂಡುಗಳೆಲ್ಲ ಹುಟ್ಟಿದ್ದು ಎಂದು ನಮ್ಮಲ್ಲಿ ಒಬ್ಬನ ವಾದ. ಪಿಸ್ಟಲ್ಸ್ ಅದಕ್ಕೂ ಮೊದಲೇ ಇತ್ತು ಎಂದು ಇನ್ನೊಬ್ಬನ ವಾದ. ಆ ಬ್ಯಾಂಡುಗಳವರು ಸಂದರ್ಶನಗಳಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡದ್ದೇ ಹೆಚ್ಚು, ಹಾಗಾಗಿ ಅವರ ಮಾತನ್ನು ನಂಬುವಂತಿಲ್ಲ. ಹಾಡು ಕೇಳಿಯೇ ಪ್ರಭಾವವನ್ನು ಪತ್ತೆ ಹಚ್ಚಲು ಸಾಧ್ಯವೇ? ಜೊತೆಗೆ ಇನ್ನೊಂದು ತೊಂದರೆ: ರಮೋನ್ಸ್ ಹಾಡು ನುಡಿಸಿದರೆ ಎರಡು ನಿಮಿಷದೊಳಗೆ ಕೈ ಸೋತು ಲಯ ತಪ್ಪುತ್ತದೆ. ಪಿಸ್ಟಲ್ಸ್ ಹಾಡು ನುಡಿಸಿದರೆ ತೆಳುವಾಗಿ ಕೇಳಿಸುತ್ತದೆ. ಯಾಕೆ?

ಉತ್ತರ: ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ, ಗಿಟಾರ್ ವಾದಕನ ಬಲಗೈಯಲ್ಲಿ. ಈ ಬ್ಯಾಂಡುಗಳು ಬಾಯಲ್ಲಿ ಏನೇ ಹೇಳಿರಲಿ, ಯಾರ ರೆಕಾರ್ಡ್ ಇಟ್ಟುಕೊಂಡು ಅಭ್ಯಾಸ ಮಾಡಿದರು ಎಂಬುದು ತಂತಿ ಮೀಟುವ ರೀತಿಯಲ್ಲಿ ಗೊತ್ತಾಗಿಬಿಡುತ್ತದೆ. ಆದರೆ ಮೊದಲು ತಾರೀಖುಗಳನ್ನು ನೋಡೋಣ, ನಿಮ್ಮ ಜಗಳದ ಅರ್ಧ ಅಲ್ಲೇ ತೀರುತ್ತದೆ.

1976ರ ಜುಲೈ 4ರಂದು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ರಮೋನ್ಸ್ ನುಡಿಸಿದ್ದು ನಿಜ. ಫ್ಲೇಮಿನ್ ಗ್ರೂವೀಸ್ ಅಂದಿನ ಮುಖ್ಯ ಬ್ಯಾಂಡ್, ಸ್ಟ್ರಾಂಗ್ಲರ್ಸ್ ಕೂಡ ಅದೇ ವೇದಿಕೆಯಲ್ಲಿತ್ತು. ಆದರೆ ಅದೇ ರಾತ್ರಿ ಸೆಕ್ಸ್ ಪಿಸ್ಟಲ್ಸ್ ಲಂಡನ್ನಿನಲ್ಲೇ ಇರಲಿಲ್ಲ. ಶೆಫೀಲ್ಡ್‌ನ ಬ್ಲ್ಯಾಕ್ ಸ್ವಾನ್‌ನಲ್ಲಿ ನುಡಿಸುತ್ತಿತ್ತು, ಅದರ ಜೊತೆ ವೇದಿಕೆ ಹತ್ತಿದ ಕ್ಲ್ಯಾಶ್‌ಗೆ ಅದು ಮೊಟ್ಟಮೊದಲ ಪ್ರದರ್ಶನ. ಎರಡು ದಿನ ಕಳೆದು, ಜುಲೈ 6ರಂದು, ಡ್ಯಾಮ್ಡ್ ಎಂಬ ಇನ್ನೊಂದು ಲಂಡನ್ ಬ್ಯಾಂಡ್ ತನ್ನ ಮೊದಲ ಪ್ರದರ್ಶನ ಕೊಟ್ಟಿತು, ಅದೂ ಪಿಸ್ಟಲ್ಸ್ ಜೊತೆಗೇ, 100 ಕ್ಲಬ್‌ನಲ್ಲಿ. ಎರಡು ದಿನದಲ್ಲಿ ಬ್ಯಾಂಡ್ ಕಟ್ಟಿ ಹಾಡು ಬರೆದು ವೇದಿಕೆ ಹತ್ತಲು ಯಾರಿಂದಲೂ ಆಗದು. ಪಿಸ್ಟಲ್ಸ್ ಅಂತೂ 1975ರ ನವೆಂಬರ್ 6ರಂದೇ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಮೊದಲ ಬಾರಿ ನುಡಿಸಿತ್ತು. ಅಂದಿನ ಮುಖ್ಯ ಬ್ಯಾಂಡ್ ಬಝೂಕಾ ಜೋ. ಅದರ ಬೇಸ್ ವಾದಕ ಪಿಸ್ಟಲ್ಸನ್ನು ನೋಡಿ ತನ್ನ ಬ್ಯಾಂಡನ್ನೇ ಬಿಟ್ಟ, ಮುಂದೆ ಆ್ಯಡಮ್ ಆ್ಯಂಟ್ ಎಂಬ ಹೆಸರಿನಲ್ಲಿ ಜನಪ್ರಿಯನಾದ.

ಮುಂದೆ ಕ್ಲ್ಯಾಶ್‌ನ ಗಾಯಕನಾದ ಜೋ ಸ್ಟ್ರಮ್ಮರ್ ವಿಷಯವೂ ಹೀಗೆಯೇ. ಆತ 101ರ್ಸ್ ಎಂಬ ಬ್ಯಾಂಡಿನಲ್ಲಿದ್ದಾಗ, 1976ರ ಏಪ್ರಿಲ್ 3ರಂದು ನ್ಯಾಶ್‌ವಿಲ್ ರೂಮ್ಸ್‌ನಲ್ಲಿ ಆ ಬ್ಯಾಂಡಿಗಿಂತ ಮುಂಚೆ ಪಿಸ್ಟಲ್ಸ್ ವೇದಿಕೆ ಹತ್ತಿ ನುಡಿಸಿತು. ಸ್ಟ್ರಮ್ಮರ್ ಮನಸ್ಸು ತಿರುಗಿದ್ದು ಅಲ್ಲಿ. ರಮೋನ್ಸ್‌ನ ಮೊದಲ ಆಲ್ಬಂ ಅಮೆರಿಕದಲ್ಲಿ ಬಿಡುಗಡೆಯಾದದ್ದೇ ಏಪ್ರಿಲ್ 23ರಂದು. ಹಾಗಾಗಿ ‘ಹುಟ್ಟಿದ್ದು’ ಎಂಬ ಮಾತಿನ ಮಟ್ಟಿಗೆ ನಿಮ್ಮ ಎರಡನೆಯ ಗೆಳೆಯ ಸರಿ. ಆದರೆ ಮೊದಲನೆಯವನ ಮಾತೂ ಪೂರ್ತಿ ಸುಳ್ಳಲ್ಲ. ಆ ಆಲ್ಬಂ ಲಂಡನ್ನಿಗೆ ಆಮದಾಗಿ ಬಂದ ಮೇಲೆ ಅಲ್ಲಿಯ ಹುಡುಗರ ನುಡಿಸಾಣಿಕೆ ಬದಲಾಯಿತು. ಯಾರಲ್ಲಿ ಬದಲಾಯಿತು, ಯಾರಲ್ಲಿ ಬದಲಾಗಲಿಲ್ಲ ಎಂಬುದೇ ನೋಡಬೇಕಾದ ವಿಷಯ.

ಇಲ್ಲಿ ಒಂದು ಎಚ್ಚರಿಕೆ. ಎರಡು ಬ್ಯಾಂಡು ಒಂದೇ ತರಹ ಕೇಳಿಸಿದರೆ ಒಂದು ಇನ್ನೊಂದರಿಂದ ಕದ್ದಿದೆ ಎಂದೇ ಅರ್ಥವಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಸೇಂಟ್ಸ್ ಎಂಬ ಬ್ಯಾಂಡ್ ರಮೋನ್ಸ್ ಹೆಸರನ್ನೇ ಕೇಳದೆ, ತನ್ನ ಪಾಡಿಗೆ ಗೋಡೆಯಂಥ ಗಿಟಾರ್ ಸದ್ದನ್ನು ಕಟ್ಟಿಕೊಂಡಿತ್ತು. ಅದರ ‘ಸ್ಟ್ರ್ಯಾಂಡೆಡ್’ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) 1976ರ ಸೆಪ್ಟೆಂಬರ್‌ನಲ್ಲೇ ಬಂತು. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಎನ್ನಿಸಿಕೊಂಡ ಡ್ಯಾಮ್ಡ್‌ನ ‘ನ್ಯೂ ರೋಸ್’ ಬಂದದ್ದು ಅಕ್ಟೋಬರ್ 22ರಂದು. ನಡುವೆ ಸಾಗರಗಳಿದ್ದರೂ ಸದ್ದು ಹೋಲಲು ಕಾರಣ, ಎಲ್ಲರ ಕಪಾಟಿನಲ್ಲೂ ಅವೇ ಹಳೆಯ ರೆಕಾರ್ಡುಗಳಿದ್ದವು. ಸ್ಟೂಜಸ್, ಎಂಸಿ5, ನ್ಯೂಯಾರ್ಕ್ ಡಾಲ್ಸ್, ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ಅಮೆರಿಕದ ಬ್ಯಾಂಡುಗಳವು. ಪಿಸ್ಟಲ್ಸ್ ಸ್ಟೂಜಸ್‌ನ ‘ನೋ ಫನ್’ ನುಡಿಸಿತು, ಡ್ಯಾಮ್ಡ್ ಅದೇ ಸ್ಟೂಜಸ್‌ನ ‘1970’ ಎತ್ತಿಕೊಂಡಿತು. ಆದ್ದರಿಂದ ಪ್ರಭಾವ ಹುಡುಕುವಾಗ ಇಬ್ಬರಿಗೂ ಸಮಾನವಾದ ಅಜ್ಜನ ಮುಖಲಕ್ಷಣವನ್ನು ಬದಿಗಿಟ್ಟು, ಒಬ್ಬರಲ್ಲಿ ಮಾತ್ರ ಇದ್ದದ್ದು ಇನ್ನೊಬ್ಬರಲ್ಲಿ ಕಾಣಿಸಿತೇ ಎಂದು ನೋಡಬೇಕು.

ರಮೋನ್ಸ್‌ನಲ್ಲಿ ಮಾತ್ರ ಇದ್ದದ್ದು ಏನು? ಅದರ ಗಿಟಾರ್ ವಾದಕ ಜಾನಿ ರಮೋನ್‌ನ ಬಲಗೈ. ಆತ ಅರ್ಧ ಬೀಟ್‌ಗೊಂದರಂತೆ ಬರುವ ಸ್ವರಗಳನ್ನೆಲ್ಲ (ಇವಕ್ಕೆ ‘ಎಂಟನೇ ಸ್ವರ’ ಎಂದು ಹೆಸರು) ಮೇಲಿನಿಂದ ಕೆಳಕ್ಕೇ ಮೀಟುತ್ತಿದ್ದ, ಕೆಳಗಿನಿಂದ ಮೇಲಕ್ಕೆ ಒಂದು ಸಲವೂ ಇಲ್ಲ. ‘ಬ್ಲಿಟ್ಝ್‌ಕ್ರೀಗ್ ಬಾಪ್’ ಹಾಡಿನ ಗತಿ ನಿಮಿಷಕ್ಕೆ ಸುಮಾರು 175 ಬೀಟ್. ಒಂದು ಬೀಟ್‌ಗೆ ಎರಡು ಮೀಟು ಎಂದರೆ ನಿಮಿಷಕ್ಕೆ 350, ಸೆಕೆಂಡಿಗೆ ಹತ್ತಿರ ಹತ್ತಿರ ಆರು. ಹಾಡು ಎರಡು ನಿಮಿಷ ಹನ್ನೆರಡು ಸೆಕೆಂಡಿನದು. ಮುಗಿಯುವಷ್ಟರಲ್ಲಿ ಕೈ ಏಳುನೂರರ ಆಸುಪಾಸು ಸಲ ಕೆಳಗಿಳಿದಿರುತ್ತದೆ. ವೇದಿಕೆಯ ಮೇಲೆ ಇನ್ನೂ ವೇಗ. 1977ರ ಡಿಸೆಂಬರ್ 31ರಂದು ಲಂಡನ್ನಿನ ರೇನ್‌ಬೋದಲ್ಲಿ ಮುದ್ರಿಸಿಕೊಂಡ ಪ್ರದರ್ಶನದಲ್ಲಿ ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ 28 ಹಾಡು ಮುಗಿಸಿದರು.

ಕೆಳಮೀಟಿನಲ್ಲಿ ಅಂಥದ್ದೇನಿದೆ ಎಂದರೆ, ಪ್ರತಿ ಸಲವೂ ಪಿಕ್ (ತಂತಿ ಮೀಟುವ ಬಿಲ್ಲೆ) ಮೊದಲು ತಾಗುವುದು ದಪ್ಪ ತಂತಿಗೆ. ಮೇಲ್ಮೀಟಿನಲ್ಲಿ ಮೊದಲು ತಾಗುವುದು ತೆಳು ತಂತಿ, ಸದ್ದು ಹಗುರ. ಮೇಲೆ ಕೆಳಗೆ ಬೆರೆಸಿ ನುಡಿಸಿದರೆ ಒಂದು ಭಾರ, ಒಂದು ಹಗುರ, ಒಂದು ಭಾರ, ಒಂದು ಹಗುರ ಎಂಬ ತೂಗಾಟ ಬರುತ್ತದೆ. ಬರೀ ಕೆಳಮೀಟಾದರೆ ಎಲ್ಲವೂ ಸಮಭಾರ, ತೂಗಾಟವೇ ಇಲ್ಲ. ಬ್ಲೂಸ್‌ನಿಂದ ಬಂದ ಓಲಾಟವನ್ನು ಪೂರ್ತಿಯಾಗಿ ತೆಗೆದುಹಾಕಿದ ಮೊದಲ ರಾಕ್ ಗಿಟಾರ್ ಇದೇ ಎನ್ನುವುದು ನನ್ನ ಅಭಿಪ್ರಾಯ. ಇದರ ಜೊತೆಗೆ ಪೂರ್ತಿ ಬಾರೆ ಕಾರ್ಡ್‌ಗಳು (ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯುವ ಸ್ವರಗುಚ್ಛ), ಸೋಲೋ ಎಂಬುದು ಇಲ್ಲವೇ ಇಲ್ಲ, ಡೀ ಡೀಯ ಬೇಸ್ ಕೂಡ ಅದೇ ಎಂಟನೇ ಸ್ವರಗಳಲ್ಲಿ ಕಾರ್ಡ್‌ನ ಮೂಲ ಸ್ವರವನ್ನೇ ಬಡಿಯುತ್ತದೆ. ಟಾಮಿಯ ಹೈ-ಹ್ಯಾಟ್ ಸಹ ಎಂಟನೇ ಸ್ವರ. ಮೂವರೂ ಒಂದೇ ಗೆರೆಯ ಮೇಲೆ ನಡೆಯುತ್ತಾರೆ.

ನಿಮ್ಮ ಬ್ಯಾಂಡ್ ಎರಡನೇ ನಿಮಿಷಕ್ಕೆ ಸೋಲುವುದು ಇಲ್ಲಿಯೇ. ಗಿಟಾರ್ ನುಡಿಸುವವರು ಮೊಣಕೈಯಿಂದ ತೋಳು ಬೀಸುತ್ತಿರಬಹುದು. ಮುಂಗೈಯ ಸ್ನಾಯು ಬಿಗಿದು ಒಂದೂವರೆ ನಿಮಿಷಕ್ಕೆ ಉರಿ ಶುರುವಾಗುತ್ತದೆ, ಅರಿವಿಲ್ಲದೆಯೇ ಮೇಲ್ಮೀಟು ನುಸುಳುತ್ತದೆ, ಸಮಭಾರ ಹೋಗಿ ಡ್ರಮ್ಸ್ ಜೊತೆ ಹೊಂದಿಕೆ ತಪ್ಪುತ್ತದೆ. ಚಲನೆ ಮಣಿಕಟ್ಟಿನಿಂದ ಬರಬೇಕು, ಪಿಕ್‌ನ ತುದಿ ತಂತಿಗಳನ್ನು ದಾಟಿ ಒಂದೆರಡು ಬೆರಳಗಲಕ್ಕಿಂತ ಕೆಳಗೆ ಹೋಗಬಾರದು. ತಾಳ ಬಡಿಯುವ ಮೆಟ್ರೊನೋಮನ್ನು 120ಕ್ಕೆ ಇಟ್ಟು ಒಂದೇ ಕಾರ್ಡ್ ಹಿಡಿದು ಎರಡು ನಿಮಿಷ ಬರೀ ಕೆಳಮೀಟು. ಕೈ ಬಿಗಿಯದಿದ್ದರೆ 4 ಬೀಟ್ ಹೆಚ್ಚಿಸಿ. ಬಿಗಿದರೆ ನಿಲ್ಲಿಸಿ, ಅದೇ ದಿನ ಮುಂದುವರಿಸಬೇಡಿ. ನೋವನ್ನು ನುಂಗಿಕೊಂಡು ಮಾಡಿದ ಅಭ್ಯಾಸದಿಂದ ವೇಗ ಬರುವುದಿಲ್ಲ, ಮಣಿಕಟ್ಟು ಕೆಡುತ್ತದೆ ಅಷ್ಟೇ. ಆಂಪ್‌ನಲ್ಲಿ ಗೇಯ್ನ್ (ಸದ್ದನ್ನು ಒರಟಾಗಿಸುವ ಗುಂಡಿ) ಮಿತಿಯಲ್ಲಿರಲಿ. ಜಾನಿಯ ಸದ್ದು ಮಾರ್ಷಲ್ ಆಂಪ್ ಅನ್ನು ಜೋರಾಗಿ ತಿರುಗಿಸಿದ್ದರಿಂದ ಬಂದದ್ದು, ಪೆಡಲ್‌ನಿಂದಲ್ಲ. ಗೇಯ್ನ್ ಅತಿಯಾದರೆ ಆರು ತಂತಿಯ ಬಾರೆ ಕಾರ್ಡ್ ಕಲಸಿ ಯಾವ ಕಾರ್ಡ್ ಎಂದೇ ಗೊತ್ತಾಗುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟು ಮಿಡ್ (ನಡುಸ್ತರದ ಸದ್ದು) ಏರಿಸಿ.

ಅಭ್ಯಾಸಕ್ಕೆ ಆ ಮೊದಲ ಆಲ್ಬಮ್ಮೇ ಒಳ್ಳೆಯ ಗುರು. ಸುಮಾರು 6,400 ಡಾಲರಿನಲ್ಲಿ ನ್ಯೂಯಾರ್ಕಿನ ಪ್ಲಾಝಾ ಸೌಂಡ್ ಸ್ಟುಡಿಯೋದಲ್ಲಿ ಮುದ್ರಿಸಿದ ಅದರಲ್ಲಿ ಗಿಟಾರನ್ನು ಒಂದು ಸ್ಪೀಕರಿಗೂ ಬೇಸನ್ನು ಇನ್ನೊಂದು ಸ್ಪೀಕರಿಗೂ ಹಂಚಿಟ್ಟಿದ್ದಾರೆ. ಇಯರ್‌ಫೋನಿನ ಒಂದು ಬದಿ ತೆಗೆದರೆ ಗಿಟಾರ್ ಹೋಯಿತು, ಆ ಜಾಗದಲ್ಲಿ ನೀವು ನುಡಿಸಿ. ಇನ್ನೊಂದು ಬದಿ ತೆಗೆದರೆ ನಿಮ್ಮ ಬೇಸ್ ವಾದಕರಿಗೆ ಜಾಗ. ಲಂಡನ್ನಿನಲ್ಲಿ ಇದು ನಡೆದೇ ಇದೆ. ಕ್ಲ್ಯಾಶ್‌ನ ಪಾಲ್ ಸಿಮನನ್ ಬೇಸ್ ಎಂದರೇನೆಂದೇ ಅರಿಯದೆ ಬ್ಯಾಂಡ್ ಸೇರಿದವನು, ಗಿಟಾರಿನ ಕತ್ತಿನ ಮೇಲೆ ಸ್ವರಗಳ ಹೆಸರು ಬರೆದುಕೊಂಡಿದ್ದ. ಈ ಆಲ್ಬಮ್ಮಿನ ಜೊತೆ ನುಡಿಸಿಯೇ ಕೈ ಪಳಗಿಸಿಕೊಂಡ. ಮುಂದೆ ಪಿಸ್ಟಲ್ಸ್ ಸೇರಿದ ಸಿಡ್ ವಿಷಸ್ ಕಲಿತದ್ದೂ ಇದರಿಂದಲೇ. ರಮೋನ್ಸ್‌ನ ನೇರ ಪ್ರಭಾವ ಲಂಡನ್ನಿನಲ್ಲಿ ಅತಿ ಹೆಚ್ಚು ಕಾಣುವುದು ಗಿಟಾರಿನಲ್ಲಿ ಅಲ್ಲ, ಬೇಸಿನಲ್ಲಿ. ಈ ವಿಷಯವನ್ನು ಪಂಕ್ ಚರಿತ್ರೆ ಬರೆಯುವವರು ಸಾಕಷ್ಟು ಹೇಳುವುದಿಲ್ಲ.

ಈಗ ಪಿಸ್ಟಲ್ಸ್‌ಗೆ ಬನ್ನಿ. ‘ಅನಾರ್ಕಿ ಇನ್ ದ ಯುಕೆ’ ಹಾಕಿ ಕಾಲಿನಲ್ಲಿ ತಾಳ ಹಾಕಿ ನೋಡಿ. ಸುಮಾರು 135 ಬೀಟ್, ಮೂರೂವರೆ ನಿಮಿಷ. ರಮೋನ್ಸ್ ದ್ರುತವಾದರೆ ಇದು ಮಧ್ಯಮ ಕಾಲ. ಅಬ್ಬರದಿಂದಾಗಿ ವೇಗವೆಂದು ಭ್ರಮೆಯಾಗುತ್ತದೆ, ಅಷ್ಟೇ. ಸ್ಟೀವ್ ಜೋನ್ಸ್‌ನ ಗಿಟಾರಿನಲ್ಲಿ ಜಾರುವ ಸ್ವರಗಳಿವೆ, ತಂತಿ ಎಳೆದು ಬಗ್ಗಿಸಿದ ಸ್ವರಗಳಿವೆ, ಚಕ್ ಬೆರಿಯಿಂದ ಬಂದ ಜೋಡಿಸ್ವರಗಳ ಸೋಲೋ ಇದೆ. ಇದರಲ್ಲಿ ಒಂದೂ ಜಾನಿ ರಮೋನ್‌ನಲ್ಲಿಲ್ಲ. ಇವೆಲ್ಲ ಬಂದದ್ದು ನ್ಯೂಯಾರ್ಕ್ ಡಾಲ್ಸ್‌ನ ಜಾನಿ ಥಂಡರ್ಸ್‌ನಿಂದ, ಫೇಸಸ್ ಬ್ಯಾಂಡಿನಿಂದ. ಬರೀ ಕೇಳ್ಮೆಯಲ್ಲ, ವಸ್ತುವೇ ಬಂದಿತ್ತು. ಪಿಸ್ಟಲ್ಸ್‌ನ ಮ್ಯಾನೇಜರ್ ಮಾಲ್ಕಮ್ ಮೆಕ್ಲಾರೆನ್ 1975ರಲ್ಲಿ ಸ್ವಲ್ಪ ಕಾಲ ಡಾಲ್ಸ್‌ನ ವ್ಯವಹಾರ ನೋಡಿಕೊಂಡಿದ್ದ. ಬರುವಾಗ ಡಾಲ್ಸ್‌ನ ಸಿಲ್ವೇನ್ ಸಿಲ್ವೇನ್‌ನ ಬಿಳಿ ಲೆಸ್ ಪಾಲ್ ಕಸ್ಟಮ್ ಗಿಟಾರನ್ನು ಲಂಡನ್ನಿಗೆ ತಂದ. ಜೋನ್ಸ್ ನುಡಿಸಿದ್ದು ಅದನ್ನೇ.

ನಿಮ್ಮ ಪಿಸ್ಟಲ್ಸ್ ತೆಳುವಾಗಿ ಕೇಳಿಸಲು ಕಾರಣ ಕೈಯಲ್ಲ, ಪದರ. ಕ್ರಿಸ್ ಥಾಮಸ್ ನಿರ್ಮಾಣದಲ್ಲಿ ವೆಸೆಕ್ಸ್ ಸ್ಟುಡಿಯೋದಲ್ಲಿ ಜೋನ್ಸ್ ಒಂದೇ ಭಾಗವನ್ನು ಮತ್ತೆ ಮತ್ತೆ ನುಡಿಸಿ ಒಂದರ ಮೇಲೊಂದು ಹೇರಿದ. 1977ರ ಅಕ್ಟೋಬರ್‌ನಲ್ಲಿ ಬಂದ ಅವರ ಏಕೈಕ ಆಲ್ಬಮ್ಮಿನ ಬಹುಪಾಲು ಬೇಸ್ ಕೂಡ ಜೋನ್ಸ್‌ನದೇ, ಗಿಟಾರಿನ ಕಾರ್ಡ್‌ಗಳನ್ನೇ ಕೆಳಗಿನ ಸ್ತರದಲ್ಲಿ ಹಿಂಬಾಲಿಸುತ್ತದೆ. ಎಂದರೆ ನೀವು ಕೇಳುವುದು ಒಬ್ಬನೇ ಮನುಷ್ಯನ ಹಲವು ಕೈಗಳನ್ನು. ಒಂದು ಗಿಟಾರಿನಿಂದ ಅದನ್ನು ವೇದಿಕೆಯಲ್ಲಿ ತರಲು ಗೇಯ್ನ್ ಹೆಚ್ಚಿಸುವುದು ಎಲ್ಲರೂ ಮಾಡುವ ತಪ್ಪು, ಅದರಿಂದ ಸದ್ದು ಇನ್ನಷ್ಟು ತೆಳುವಾಗುತ್ತದೆ. ಬದಲಿಗೆ ಹಂಬಕರ್ (ಎರಡು ಸುರುಳಿಯ, ದಪ್ಪ ಸದ್ದಿನ ಪಿಕಪ್) ಇರುವ ಗಿಟಾರ್ ಹಿಡಿದು ಬ್ರಿಡ್ಜ್ ಪಿಕಪ್‌ಗೆ ಬನ್ನಿ. ಬೇಸ್ ವಾದಕ ಪಿಕ್‌ನಿಂದಲೇ ನುಡಿಸಲಿ, ಅವರ ಆಂಪ್‌ನಲ್ಲಿ ಮಿಡ್ ಏರಿಸಿ ಸ್ವಲ್ಪ ಕರಕು ಸದ್ದು ಬರುವಂತೆ ಮಾಡಿ. ಎರಡನೇ ಗಿಟಾರಿನ ಕೆಲಸವನ್ನು ಬೇಸ್ ಮಾಡಬೇಕು. ಮನೆಯಲ್ಲಿ ಮುದ್ರಿಸುವುದಾದರೆ ಒಂದೇ ಭಾಗವನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಎಡಬಲಕ್ಕೆ ಇಡಿ. ಒಂದೇ ಟ್ರ್ಯಾಕನ್ನು ನಕಲು ಮಾಡಿ ಎರಡೂ ಬದಿಗೆ ಇಟ್ಟರೆ ಪ್ರಯೋಜನವಿಲ್ಲ, ಎರಡು ನುಡಿಸಾಣಿಕೆಯ ನಡುವಿನ ಸಣ್ಣ ವ್ಯತ್ಯಾಸವೇ ದಪ್ಪವನ್ನು ಕೊಡುವುದು.

ಈ ದಪ್ಪ ಸದ್ದು ಅಟ್ಲಾಂಟಿಕ್ ದಾಟಿ ವಾಪಸು ಹೋದದ್ದೇ ಇಡೀ ಚರಿತ್ರೆಯ ಅತಿ ಸ್ವಾರಸ್ಯದ ಭಾಗ. 1977ರ ಮೇ ಕೊನೆಗೆ ಪಿಸ್ಟಲ್ಸ್‌ನ ‘ಗಾಡ್ ಸೇವ್ ದ ಕ್ವೀನ್’ ಬಂತು. ರಮೋನ್ಸ್ ತಮ್ಮ ಮೂರನೇ ಆಲ್ಬಂ ‘ರಾಕೆಟ್ ಟು ರಷ್ಯಾ’ ಮುದ್ರಿಸಲು ಕುಳಿತಾಗ ಜಾನಿ ಆ ಸಿಂಗಲ್ಲನ್ನು ಸ್ಟುಡಿಯೋಗೆ ತಂದು ಎಂಜಿನಿಯರ್ ಎಡ್ ಸ್ಟೇಸಿಯಮ್‌ಗೆ ಕೇಳಿಸಿದ. ಇವರು ನಮ್ಮದನ್ನು ಕದ್ದಿದ್ದಾರೆ, ನಮ್ಮ ಮುದ್ರಣ ಇದಕ್ಕಿಂತ ಚೆನ್ನಾಗಿರಬೇಕು ಎಂಬುದು ಅವನ ಪಟ್ಟು. ಮೊದಲ ಆಲ್ಬಂ ಪಕ್ಕದಲ್ಲಿ ಈ ಆಲ್ಬಂ ಹಾಕಿ ಕೇಳಿ: ಗಿಟಾರ್ ಎರಡೂ ಬದಿಗೆ ಹರಡಿದೆ, ಡ್ರಮ್ಸ್ ದೊಡ್ಡದಾಗಿದೆ, ಒಣಕಲು ಹೋಗಿ ಹೊಳಪು ಬಂದಿದೆ. ಅದು ಬಿಡುಗಡೆಯಾದದ್ದು 1977ರ ನವೆಂಬರ್ 4ರಂದು, ಪಿಸ್ಟಲ್ಸ್ ಆಲ್ಬಂ ಬಂದ ಒಂದು ವಾರಕ್ಕೆ. ಕದ್ದರು ಎಂದು ದೂರಿದವನೇ, ದೂರಿದ ಉಸಿರಿನಲ್ಲೇ, ಅವರಿಂದ ಕಲಿತ. ಈ ಕಾಲದ ಪೈಪೋಟಿಯೆಂದರೆ ಹೀಗೆಯೇ. ಯಾರ ಮೇಲೆ ಸಿಟ್ಟೋ ಅವರ ರೆಕಾರ್ಡನ್ನೇ ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಿದ್ದರು. ಪ್ರಭಾವ ಮತ್ತು ಜಗಳವನ್ನು ಎರಡು ವಿಷಯವೆಂದು ಬೇರ್ಪಡಿಸಿದರೆ ಎರಡೂ ಅರ್ಥವಾಗುವುದಿಲ್ಲ.

ಡಾಲ್ಸ್ ಪ್ರಸಂಗದಲ್ಲೂ ಅದೇ. ಪಿಸ್ಟಲ್ಸ್ ತಮ್ಮ ಆಲ್ಬಮ್ಮಿನಲ್ಲಿ ‘ನ್ಯೂಯಾರ್ಕ್’ ಎಂಬ ಹಾಡಿಟ್ಟು ಡಾಲ್ಸನ್ನು ಹೀಯಾಳಿಸಿತು, ಡಾಲ್ಸ್‌ನವರದೇ ಗಿಟಾರ್ ಹಿಡಿದುಕೊಂಡು. ಥಂಡರ್ಸ್ 1978ರ ತನ್ನ ‘ಸೋ ಅಲೋನ್’ ಆಲ್ಬಮ್ಮಿನಲ್ಲಿ ‘ಲಂಡನ್ ಬಾಯ್ಸ್’ ಎಂಬ ಹಾಡಿನಿಂದ ತಿರುಗೇಟು ಕೊಟ್ಟ. ಆ ಹಾಡಿಗೆ ಗಿಟಾರ್ ಮತ್ತು ಡ್ರಮ್ಸ್ ನುಡಿಸಲು ಬಂದವರು ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್ ಮತ್ತು ಪಾಲ್ ಕುಕ್. ಬೈಗುಳ ಗಾಯಕರ ನಡುವೆ, ವಾದಕರ ನಡುವೆ ಗೌರವ.

ನ್ಯೂಯಾರ್ಕಿನೊಳಗಿನ ಪೈಪೋಟಿಯ ಸ್ವರೂಪ ಬೇರೆ. ಬವರಿ ಬೀದಿಯ 315ನೇ ನಂಬರಿನ ಸಿಬಿಜಿಬಿ ಕ್ಲಬ್‌ನಲ್ಲಿ 1974ರ ಮಾರ್ಚ್ ಕೊನೆಗೆ ಟೆಲಿವಿಷನ್ ಎಂಬ ಬ್ಯಾಂಡ್, ಆಗಸ್ಟ್‌ನಲ್ಲಿ ರಮೋನ್ಸ್ ಮೊದಲ ಬಾರಿ ನುಡಿಸಿದವು. 1975ರ ಜೂನ್‌ನಲ್ಲಿ ರಮೋನ್ಸ್‌ಗೆ ಮುಂಚೆ ನುಡಿಸುತ್ತ ಟಾಕಿಂಗ್ ಹೆಡ್ಸ್ ಶುರುವಾಯಿತು. ಒಂದೇ ವೇದಿಕೆ, ಒಂದೇ ಆಂಪ್‌ಗಳು, ಒಂದೇ ಐವತ್ತು ಜನ ಕೇಳುಗರು. ಇಂಥಲ್ಲಿ ಪಕ್ಕದವರಂತೆ ನುಡಿಸಿದರೆ ಉಳಿಗಾಲವಿಲ್ಲ. ಅದಕ್ಕೇ ಇಲ್ಲಿ ಪ್ರಭಾವ ತಿರುವುಮುರುವಾಗಿ ಕೆಲಸ ಮಾಡಿತು: ಪಕ್ಕದವರು ಏನು ಮಾಡುತ್ತಾರೋ ಅದನ್ನು ಬಿಡುವುದು. ರಮೋನ್ಸ್ ಚರ್ಮದ ಜಾಕೆಟ್ ಹಾಕಿದರೆ ಟಾಕಿಂಗ್ ಹೆಡ್ಸ್ ಸಾದಾ ಕಾಲರ್ ಅಂಗಿ. ಅವರದು ದಟ್ಟ ಗಿಟಾರ್ ಆದರೆ ಇವರದು ಡಿಸ್ಟಾರ್ಶನ್ ಇಲ್ಲದ ತೆಳು ಗಿಟಾರ್, ನಡುನಡುವೆ ಖಾಲಿ ಜಾಗ. ಟೆಲಿವಿಷನ್‌ನ ಟಾಮ್ ವರ್ಲೇನ್ ಮತ್ತು ರಿಚರ್ಡ್ ಲಾಯ್ಡ್ ಒಬ್ಬರ ಸ್ವರದ ಸಂದಿನಲ್ಲಿ ಇನ್ನೊಬ್ಬರು ಸ್ವರ ಹೆಣೆದರು. 1977ರ ‘ಮಾರ್ಕ್ಯೂ ಮೂನ್’ ಶೀರ್ಷಿಕೆ ಹಾಡು ಹತ್ತು ನಿಮಿಷದ ಆಸುಪಾಸಿನದು. ರಮೋನ್ಸ್ ಅಷ್ಟರಲ್ಲಿ ನಾಲ್ಕು ಹಾಡು ಮುಗಿಸಿರುತ್ತಿದ್ದರು.

ಜನ ಕಸಿದುಕೊಳ್ಳುವುದೂ ನಡೆಯಿತು. 1975ರಲ್ಲಿ ಬೇಸ್ ವಾದಕ ರಿಚರ್ಡ್ ಹೆಲ್ ಟೆಲಿವಿಷನ್ ಬಿಟ್ಟಾಗ ಆ ಜಾಗಕ್ಕೆ ಬ್ಲಾಂಡಿ ಎಂಬ ಇನ್ನೊಂದು ನ್ಯೂಯಾರ್ಕ್ ಬ್ಯಾಂಡಿನ ಬೇಸ್ ವಾದಕ ಫ್ರೆಡ್ ಸ್ಮಿತ್ ಹೋದ. ಬ್ಲಾಂಡಿ ಆಗ ಬೀಳುವ ಸ್ಥಿತಿಗೆ ಬಂದಿತ್ತು. 1977ರಲ್ಲಿ ಎರಡೂ ಬ್ಯಾಂಡ್ ಬ್ರಿಟನ್ ಪ್ರವಾಸ ಹೋದಾಗ ಟೆಲಿವಿಷನ್ ಮುಖ್ಯ, ಬ್ಲಾಂಡಿ ಅದಕ್ಕೆ ಮುಂಚೆ ವೇದಿಕೆ ಹತ್ತುವ ಬ್ಯಾಂಡ್. ಮರುವರ್ಷ ಟೆಲಿವಿಷನ್ ಒಡೆಯಿತು. ಅದೇ ವರ್ಷದ ‘ಹಾರ್ಟ್ ಆಫ್ ಗ್ಲಾಸ್’ನಲ್ಲಿ ಬ್ಲಾಂಡಿ ರೋಲಂಡ್ ಕಂಪನಿಯ ಸಿಆರ್-78 ತಾಳಯಂತ್ರವನ್ನು ಕ್ಲೆಮ್ ಬರ್ಕ್‌ನ ಡ್ರಮ್ಸ್ ಜೊತೆ ಬೆಸೆದು ಡಿಸ್ಕೋಗೆ ಕಾಲಿಟ್ಟು ಜಗತ್ತನ್ನೇ ಗೆದ್ದಿತು.

ಹೆಲ್‌ನದು ಇನ್ನೂ ಉದ್ದದ ಸರಪಳಿ. ಅವನ ‘ಬ್ಲ್ಯಾಂಕ್ ಜನರೇಶನ್’ ಹಾಡು 1959ರ ‘ಬೀಟ್ ಜನರೇಶನ್’ ಎಂಬ ತಮಾಷೆ ಹಾಡನ್ನು ತಿರುಚಿ ಮಾಡಿದ್ದು. ಹೆಲ್‌ನ ಹರಿದ ಅಂಗಿ, ಎದ್ದು ನಿಂತ ಕೂದಲು ಮೆಕ್ಲಾರೆನ್ ಕಣ್ಣಿಗೆ ಬಿದ್ದು ಲಂಡನ್ನಿನ ಉಡುಪಾಯಿತು. ಅವನ ಹಾಡಿನ ಹೆಸರು ಪಿಸ್ಟಲ್ಸ್‌ನ ಗ್ಲೆನ್ ಮ್ಯಾಟ್‌ಲಾಕ್‌ಗೆ ‘ಪ್ರಿಟಿ ವೇಕೆಂಟ್’ ಬರೆಯಲು ಪ್ರೇರಣೆಯಾಯಿತು. ಆದರೆ ಆ ಹಾಡಿನ ಆರಂಭದ ಗಿಟಾರ್ ತುಣುಕಿಗೆ ಆಧಾರ ಪಾಪ್ ಬ್ಯಾಂಡ್ ಆ್ಯಬಾದ ‘ಎಸ್‌ಒಎಸ್’ ಎಂದು ಮ್ಯಾಟ್‌ಲಾಕ್ ತಾನೇ ಹೇಳಿದ್ದಾನೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಅಡಗಿಸಿಟ್ಟದ್ದೇನೂ ಅಲ್ಲ, ಎದುರಿಗೇ ಇದೆ. ಪಂಕ್ ಎಂದರೆ ಪಾಪ್‌ಗೆ ವೈರಿ ಎಂದು ನಂಬಿದವರು ಈ ಜೋಡಿಯನ್ನು ತಪ್ಪಿಸಬಾರದು.

ಒಂದು ರೆಕಾರ್ಡ್ ಕೆಟ್ಟರೆ ಪ್ರಭಾವದ ದಾರಿಯೇ ಕೆಡುತ್ತದೆ ಎಂಬುದಕ್ಕೂ ಈ ವಲಯದಲ್ಲೇ ಉದಾಹರಣೆಯಿದೆ. ಥಂಡರ್ಸ್ ಮತ್ತು ಡ್ರಮ್ಸ್ ವಾದಕ ಜೆರಿ ನೋಲನ್‌ರ ಹಾರ್ಟ್‌ಬ್ರೇಕರ್ಸ್ 1976ರ ಡಿಸೆಂಬರ್‌ನಲ್ಲಿ ಪಿಸ್ಟಲ್ಸ್, ಕ್ಲ್ಯಾಶ್, ಡ್ಯಾಮ್ಡ್ ಜೊತೆ ಅನಾರ್ಕಿ ಪ್ರವಾಸಕ್ಕೆ ಬಂತು. ಟೀವಿ ಸಂದರ್ಶನದಲ್ಲಿ ಪಿಸ್ಟಲ್ಸ್‌ನವರು ಬೈಗುಳ ಆಡಿದ ಪ್ರಕರಣದಿಂದ ಆ ಪ್ರವಾಸದ ಹೆಚ್ಚಿನ ಪ್ರದರ್ಶನಗಳು ರದ್ದಾದವು, ನಡುವೆ ಡ್ಯಾಮ್ಡ್‌ನ್ನು ಕೈಬಿಟ್ಟು ದ್ವೇಷವೂ ಹುಟ್ಟಿತು. ಆದರೂ ನಿಜಕ್ಕೂ ನುಡಿಸಲು ಬಲ್ಲ ಬ್ಯಾಂಡ್ ಹೇಗಿರುತ್ತದೆ ಎಂದು ಲಂಡನ್ನಿನ ಹುಡುಗರು ಹತ್ತಿರದಿಂದ ನೋಡಿದ್ದು ಹಾರ್ಟ್‌ಬ್ರೇಕರ್ಸ್‌ನಲ್ಲಿ. ಅದರ ಆಲ್ಬಂ ಮಾತ್ರ 1977ರಲ್ಲಿ ಮಿಕ್ಸಿಂಗ್ ಕೆಟ್ಟು ಕೆಸರು ಕಲಸಿದಂತೆ ಬಂತು, ಅದೇ ಸಿಟ್ಟಿಗೆ ನೋಲನ್ ಬ್ಯಾಂಡ್ ಬಿಟ್ಟ. ಅದರಲ್ಲಿದ್ದ ‘ಚೈನೀಸ್ ರಾಕ್ಸ್’ ಮೂಲತಃ ಡೀ ಡೀ ರಮೋನ್‌ನದು, ಹೆಲ್ ಪೂರ್ಣಗೊಳಿಸಿದ್ದು. ಮಾದಕ ವಸ್ತುವಿನ ವಿಷಯವೆಂದು ರಮೋನ್ಸ್ ಬೇಡವೆಂದಿತು. 1980ರಲ್ಲಿ ಅದೇ ರಮೋನ್ಸ್ ಅದನ್ನು ತಮ್ಮ ಆಲ್ಬಮ್ಮಿಗೆ ಸೇರಿಸಿಕೊಂಡಿತು. ಎರಡನ್ನೂ ಕೇಳಿದರೆ ಒಂದರಲ್ಲಿ ಓಲಾಟ, ಇನ್ನೊಂದರಲ್ಲಿ ಸಮಭಾರ. ಬಲಗೈಯ ವ್ಯತ್ಯಾಸ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಬಲಗೈ ಎಂದಾಗ ಹೇಳಲೇಬೇಕಾದ ಹೆಸರು ವಿಲ್ಕೊ ಜಾನ್ಸನ್. ಇಂಗ್ಲೆಂಡಿನ ಕ್ಯಾನ್ವಿ ದ್ವೀಪದ ಡಾಕ್ಟರ್ ಫೀಲ್‌ಗುಡ್ ಬ್ಯಾಂಡಿನ ಗಿಟಾರ್ ವಾದಕ. ಹುಟ್ಟು ಎಡಗೈಯವನಾದರೂ ಬಲಗೈಯವರಂತೆ ಗಿಟಾರ್ ಹಿಡಿದ, ಪಿಕ್ ಇಲ್ಲದೆ ಬೆರಳಿನಿಂದಲೇ ಟೆಲಿಕ್ಯಾಸ್ಟರನ್ನು ಕಡಿದಂತೆ ನುಡಿಸಿದ. ಲಯ ಮತ್ತು ಲೀಡ್ ಎರಡೂ ಒಂದೇ ಕೈಯಲ್ಲಿ. ಫೀಲ್‌ಗುಡ್ 1976ರ ಶರತ್ಕಾಲದಲ್ಲಿ ಬ್ರಿಟನ್ನಿನ ಆಲ್ಬಂ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಜ್ಯಾಮ್ ಬ್ಯಾಂಡಿನ ಪಾಲ್ ವೆಲ್ಲರ್, ಸ್ಟ್ರಮ್ಮರ್, ಗ್ಯಾಂಗ್ ಆಫ್ ಫೋರ್ ಬ್ಯಾಂಡಿನ ಆ್ಯಂಡಿ ಗಿಲ್ ಮೂವರಲ್ಲೂ ವಿಲ್ಕೊ ಇದ್ದಾನೆ. ಸ್ಟ್ರಮ್ಮರ್ ಕೂಡ ಹುಟ್ಟು ಎಡಗೈಯವನು, ಬಲಗೈಯಲ್ಲಿ ನುಡಿಸಿದವನು, ಆ ಕೈಗೆ ನವಿರು ಕೆಲಸ ಒಗ್ಗುತ್ತಿರಲಿಲ್ಲ, ಬಡಿಯುವುದೊಂದೇ ಗೊತ್ತು. ಬ್ಲಾಂಡಿಯ ಕ್ಲೆಮ್ ಬರ್ಕ್ ಲಂಡನ್ನಿನಿಂದ ಫೀಲ್‌ಗುಡ್ ರೆಕಾರ್ಡ್ ತಂದು ನ್ಯೂಯಾರ್ಕಿನ ಗೆಳೆಯರಿಗೆ ಕೇಳಿಸಿದ್ದ. ಹಾಗಾಗಿ ಪ್ರಭಾವವೆಲ್ಲ ಅಮೆರಿಕದಿಂದ ಬ್ರಿಟನ್ನಿಗೆ ಹರಿಯಿತು ಎಂಬ ಮಾತೂ ಅರೆಸತ್ಯ.

ಗಿಲ್ ಇದನ್ನು ಇನ್ನೂ ಮುಂದಕ್ಕೆ ಒಯ್ದ. ವಾಲ್ವ್ ಆಂಪ್‌ನ ಬೆಚ್ಚಗಿನ ಸದ್ದು ಬೇಡವೆಂದು ಟ್ರಾನ್ಸಿಸ್ಟರ್ ಆಂಪ್ ಆರಿಸಿಕೊಂಡ, ಒಣಗಿದ, ಚೂಪಾದ ಸದ್ದಿಗಾಗಿ. ನಿಮ್ಮಲ್ಲಿ ಅಗ್ಗದ ಪ್ರಾಕ್ಟೀಸ್ ಆಂಪ್ ಮಾತ್ರ ಇದ್ದರೆ ರಮೋನ್ಸ್‌ಗಿಂತ ಗ್ಯಾಂಗ್ ಆಫ್ ಫೋರ್ ನುಡಿಸುವುದು ಲೇಸು, ಆ ಆಂಪ್‌ನ ಕೊರತೆಯೇ ಅಲ್ಲಿ ಗುಣ.

ಮ್ಯಾಂಚೆಸ್ಟರ್ ಬಗ್ಗೆ ಚಿಕ್ಕದಾಗಿ. ಪೀಟ್ ಶೆಲ್ಲಿ ಮತ್ತು ಹಾವರ್ಡ್ ಡಿವೋಟೊ 1976ರ ಜೂನ್ 4ರಂದು ಪಿಸ್ಟಲ್ಸನ್ನು ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ಗೆ ಕರೆಸಿದರು, ಜುಲೈ 20ರಂದು ಮತ್ತೆ ಕರೆಸಿದಾಗ ತಮ್ಮ ಬಝ್‌ಕಾಕ್ಸ್ ಬ್ಯಾಂಡನ್ನೂ ವೇದಿಕೆ ಹತ್ತಿಸಿದರು. ಆ ಡಿಸೆಂಬರ್ 28ರಂದು ಸಾಲ ಮಾಡಿದ 500 ಪೌಂಡಿನ ಬಂಡವಾಳದಲ್ಲಿ, ಮಾರ್ಟಿನ್ ಹ್ಯಾನೆಟ್ ನಿರ್ಮಾಣದಲ್ಲಿ ನಾಲ್ಕು ಹಾಡು ಮುದ್ರಿಸಿ ತಾವೇ ಬಿಡುಗಡೆ ಮಾಡಿದರು. ಪ್ರತಿ ಹಾಡು ಎಷ್ಟನೇ ಟೇಕ್, ಮೇಲೆ ಏನು ಸೇರಿಸಿದ್ದು ಎಂದು ಹೊದಿಕೆಯ ಮೇಲೇ ಅಚ್ಚು ಹಾಕಿಸಿದರು. ‘ಬೋರ್ಡಮ್’ ಹಾಡಿನ ಸೋಲೋದಲ್ಲಿ ಇರುವುದು ಎರಡೇ ಸ್ವರ. ಆ ಜೂನ್ ಪ್ರದರ್ಶನ ನೋಡಿದ ಪೀಟರ್ ಹುಕ್ ಮರುದಿನವೇ ಬೇಸ್ ಕೊಂಡ. ಮುಂದೆ ಜಾಯ್ ಡಿವಿಷನ್ ಬ್ಯಾಂಡಿನಲ್ಲಿ ಗಿಟಾರ್ ವಾದಕ ಬರ್ನಾರ್ಡ್ ಸಮ್ನರ್‌ನ ಆಂಪ್ ಜೋರು, ಹುಕ್‌ನ ಆಂಪ್ ಬಡಕಲು, ಕೆಳಗಿನ ಸ್ವರ ನುಡಿಸಿದರೆ ತನಗೇ ಕೇಳಿಸದು. ಅದಕ್ಕೇ ಬೇಸ್‌ನ ಮೇಲಿನ ಸ್ವರಗಳಿಗೆ ಏರಿದ. ಇಡೀ ಹೊಸ ಶೈಲಿಯೊಂದು ಹುಟ್ಟಿದ್ದು ಆಂಪ್‌ನ ದೋಷದಿಂದ. ಆ ಬೇಸ್‌ನಲ್ಲಿ ಪಿಸ್ಟಲ್ಸನ್ನು ಹುಡುಕಿದರೆ ಒಂದು ಸ್ವರವೂ ಸಿಗದು, ಆದರೂ ಅದು ಪಿಸ್ಟಲ್ಸ್‌ನಿಂದಲೇ ಶುರುವಾದದ್ದು. ಎಲ್ಲ ಪ್ರಭಾವವೂ ಕಿವಿಗೆ ಸಿಗುವುದಿಲ್ಲ ಎಂಬ ಮಿತಿಯನ್ನು ಒಪ್ಪಿಕೊಳ್ಳಬೇಕು.

‘ನ್ಯೂ ವೇವ್’ ಎಂಬ ಹೆಸರನ್ನು ಬೇರೆಯೇ ಸಂಗೀತವೆಂದು ತಿಳಿಯಬೇಡಿ. ಸೈರ್ ರೆಕಾರ್ಡ್ಸ್‌ನ ಸೀಮೋರ್ ಸ್ಟೈನ್ ರಮೋನ್ಸ್, ಟಾಕಿಂಗ್ ಹೆಡ್ಸ್, ಹೆಲ್ ಎಲ್ಲರ ರೆಕಾರ್ಡ್ ಮಾರಬೇಕಿತ್ತು. ಪಂಕ್ ಎಂದರೆ ಅಮೆರಿಕದ ರೇಡಿಯೋಗಳು ಮುಟ್ಟುತ್ತಿರಲಿಲ್ಲ, ಆದ್ದರಿಂದ 1977ರಲ್ಲಿ ಈ ಹೆಸರನ್ನು ಮುಂದೆ ಮಾಡಿದ. ಮೊದಲು ಅಂಗಡಿಯ ಚೀಟಿ, ಆಮೇಲೆ ಶೈಲಿ.

ಕೊನೆಯದಾಗಿ, ನೀವು ಸ್ವಂತ ಹಾಡು ಬರೆಯುವಾಗ ಎಷ್ಟು ಎತ್ತಿಕೊಳ್ಳಬಹುದು ಎಂಬ ವಿಷಯ. ಜ್ಯಾಮ್‌ನ ‘ಇನ್ ದ ಸಿಟಿ’ 1977ರ ಏಪ್ರಿಲ್‌ನಲ್ಲಿ ಬಂತು, ಹಂತಹಂತವಾಗಿ ಇಳಿಯುವ ಅದರ ಆರಂಭವನ್ನು ಅಕ್ಟೋಬರ್‌ನ ಪಿಸ್ಟಲ್ಸ್ ಸಿಂಗಲ್ ‘ಹಾಲಿಡೇಸ್ ಇನ್ ದ ಸನ್’ನಲ್ಲಿ ಯಾರು ಬೇಕಾದರೂ ಗುರುತಿಸಬಹುದು. ಜ್ಯಾಮ್ ಆ ಶೀರ್ಷಿಕೆಯನ್ನು ತೆಗೆದುಕೊಂಡದ್ದು ದ ಹೂ ಬ್ಯಾಂಡಿನ ಹಳೆಯ ಹಾಡಿನಿಂದ. ಯಾರೂ ಕೋರ್ಟಿಗೆ ಹೋಗಲಿಲ್ಲ. ಆದರೆ ವೈರ್ ಬ್ಯಾಂಡಿನ 1977ರ ‘ಥ್ರೀ ಗರ್ಲ್ ರೂಂಬಾ’ದ ಗಿಟಾರ್ ತುಣುಕು ತೊಂಬತ್ತರ ದಶಕದಲ್ಲಿ ಎಲಾಸ್ಟಿಕಾ ಬ್ಯಾಂಡಿನ ‘ಕನೆಕ್ಷನ್’ನಲ್ಲಿ ಕಾಣಿಸಿದಾಗ ಹಣ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಇಳಿಯುವ ಕಾರ್ಡ್‌ಗಳ ಸಾಲು, ಕೆಳಮೀಟು, ಗತಿ, ಆಂಪ್‌ನ ಸದ್ದು ಇವುಗಳನ್ನು ಧೈರ್ಯವಾಗಿ ತೆಗೆದುಕೊಳ್ಳಿ, ಎಲ್ಲರೂ ತೆಗೆದುಕೊಂಡದ್ದೇ. ಲಯ ಮತ್ತು ಸ್ವರ ಎರಡೂ ಸೇರಿ ನಾಲ್ಕೇ ಸೆಕೆಂಡಿನಲ್ಲಿ ಹಾಡಿನ ಗುರುತು ಹಿಡಿಸುವ ತುಣುಕಾದರೆ ಅದನ್ನು ಮುಟ್ಟಬೇಡಿ, ಇಲ್ಲವೇ ಅನುಮತಿ ಪಡೆದು ಹೆಸರು ಹಾಕಿ. ಗುರುತು ಹತ್ತುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಹಾಡು, ಡ್ರಮ್ಸ್ ಎರಡನ್ನೂ ತೆಗೆದು ಗಿಟಾರ್ ಭಾಗವನ್ನಷ್ಟೇ ಮುದ್ರಿಸಿ, ಆ ಸಂಗೀತ ಬಲ್ಲ, ನಿಮ್ಮ ಬ್ಯಾಂಡಿನ ಹೊರಗಿನ ಒಬ್ಬರಿಗೆ ಕೇಳಿಸಿ.